ಟರ್ಮಿನಲ್ ಟೂಲ್‌ಗಳಲ್ಲಿ ಮಾಡೋಕೆ ಇನ್ನೇನು ಉಳಿದಿದೆ?

ಬಿಡುವಿದ್ದಾಗ ನಾನು ಏನು ಮಾಡುತ್ತೇನೆ ಅಂತ ಗೊತ್ತಾದವರೆಲ್ಲ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬರುತ್ತಾರೆ. "ಆ ಕಪ್ಪು ಪರದೆಯಲ್ಲಿ ಓಡೋ ಟೂಲ್‌ಗಳಿಗೆ ಕೋಡ್ ಬರೀತೀಯಲ್ಲ, ಅದೆಲ್ಲ ಹಳೇ ಕಾಲದ್ದು. ಅದರಲ್ಲಿ ಮಾಡೋಕೆ ಇನ್ನೇನು ಉಳಿದಿದೆ?" ಕೇಳುವವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ನವರೇ. ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ ಕೂಡಲೇ ಅವರೂ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಆ ಕಪ್ಪು ಪರದೆಯನ್ನೇ, ತೆರೆಯುತ್ತಾರೆ. ಆದರೂ ಕೇಳುತ್ತಾರೆ.

ನಾನು ಹೇಳುತ್ತಿರುವುದು ಟಿಯುಐ (ಟೆಕ್ಸ್ಟ್ ಯೂಸರ್ ಇಂಟರ್‌ಫೇಸ್) ಅಂತ ಕರೆಯುವ ಟೂಲ್‌ಗಳ ಬಗ್ಗೆ. ಟರ್ಮಿನಲ್ ಒಳಗೇ ಪಟ್ಟಿ, ಚೌಕಟ್ಟು, ಮೆನು ಎಲ್ಲ ತೋರಿಸುತ್ತವಲ್ಲ, ಅಂಥವು. ಎಚ್‌ಟಾಪ್, ಮಿಡ್‌ನೈಟ್ ಕಮಾಂಡರ್, ಲೇಜಿಗಿಟ್ ನೋಡಿದ್ದರೆ ನಿಮಗೆ ಅರ್ಥವಾಯಿತು. ಇಂಥ ಎರಡು ಮೂರು ಓಪನ್ ಸೋರ್ಸ್ ಟೂಲ್‌ಗಳಿಗೆ ಕೆಲವು ವರ್ಷಗಳಿಂದ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಕಳಿಸುತ್ತಿದ್ದೇನೆ. ಅವುಗಳಲ್ಲಿ ಒಂದನ್ನೂ ನಾನು ಶುರು ಮಾಡಿಲ್ಲ. ಯಾವ ಟೂಲ್ ಅಂತ ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ತಪ್ಪುಗಳಲ್ಲಿ ಅರ್ಧ ನನ್ನವೇ, ಇನ್ನರ್ಧ ಬೇರೆಯವರದು. ಅವರನ್ನು ಯಾಕೆ ಸುಮ್ನೆ ಎಳೆಯಬೇಕು?

ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕು ಅಂದರೆ: ಊಹೆ. ಟರ್ಮಿನಲ್ ಟೂಲ್ ಅರ್ಧ ಕೆಲಸವನ್ನು ಊಹೆಯ ಮೇಲೆ ಮಾಡುತ್ತದೆ. ನಾನು ಇಷ್ಟು ದಿನ ಮಾಡಿದ್ದೆಲ್ಲ ತಪ್ಪಾದ ಊಹೆಗಳನ್ನು ತಿದ್ದುವ ಕೆಲಸ.

ಯಾಕೆ ಊಹೆ ಅಂತ ಹೇಳುತ್ತೇನೆ. ಈಗ ನಾವು ಟರ್ಮಿನಲ್ ಅನ್ನುವ ಕಿಟಕಿ ನಿಜವಾದ ಟರ್ಮಿನಲ್ ಅಲ್ಲ, ಅದರ ವೇಷ. 1978ರಲ್ಲಿ ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿ ವಿಟಿ100 ಅನ್ನುವ ಯಂತ್ರ ತಂದಿತು. ಒಂದು ಗಾಜಿನ ಪರದೆ, ಒಂದು ಕೀಬೋರ್ಡ್, ಹಿಂದೆ ಒಂದು ತಂತಿ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಚದುರಂಗದ ಹಾಸಿನಂತೆ ಪರದೆ ತುಂಬ ಮನೆಗಳು, ಮನೆಗೊಂದು ಅಕ್ಷರ. ಅಡಿಗೆರೆ ಹಾಕು, ಕರ್ಸರ್ ಸರಿಸು, ಸಾಲು ಒರೆಸು ಅನ್ನುವ ಆಜ್ಞೆಗಳೂ ಅಕ್ಷರಗಳ ಜೊತೆ ಅದೇ ತಂತಿಯಲ್ಲಿ ಹೋಗಬೇಕು. ಹಾಗಾಗಿ ಆಜ್ಞೆಯ ಮುಂದೆ 27ನೇ ಸಂಖ್ಯೆಯ ಬೈಟ್ ಹಾಕುವುದು ರೂಢಿಯಾಯಿತು. ಅದರ ಹೆಸರು ಎಸ್ಕೇಪ್. ಇವತ್ತು ಕೆಂಪು ಬಣ್ಣ ಬೇಕಾದರೂ ಎಸ್ಕೇಪ್, ಒಂದು ಚೌಕ ಕಂಸ, 31, ಕೊನೆಗೆ ಎಂ ಅಕ್ಷರ ಕಳಿಸುತ್ತೇವೆ. ಆ ಯಂತ್ರಗಳು ಮ್ಯೂಸಿಯಂ ಸೇರಿದವು, ಭಾಷೆ ಮಾತ್ರ ಹಾಗೇ ಉಳಿಯಿತು.

ತಂತಿ ಈಗಿಲ್ಲ, ಆದರೆ ನಡೆಯುವುದು ಅದೇ ಥರ. ನಾನು ಅಕ್ಷರ ಕಳಿಸುತ್ತೇನೆ. ಅದು ಪರದೆಯಲ್ಲಿ ಹೇಗೆ ಕಾಣಿಸಿತು ಅಂತ ವಾಪಸ್ ಯಾರೂ ಹೇಳುವುದಿಲ್ಲ.

ಇದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ನನ್ನ ಮೊದಲ ಪುಲ್ ರಿಕ್ವೆಸ್ಟನ್ನೇ ತೆಗೆದುಕೊಳ್ಳಿ. ಅದೊಂದು ಫೈಲ್ ಮ್ಯಾನೇಜರ್. ಎಡಗಡೆ ಫೋಲ್ಡರ್‌ಗಳ ಪಟ್ಟಿ, ಪಟ್ಟಿಯ ಬಲಕ್ಕೆ ಮೇಲಿಂದ ಕೆಳಗೆ ಒಂದು ಗೆರೆ. ನನ್ನದೊಂದು ಫೋಲ್ಡರ್‌ನ ಹೆಸರು 'ಲೆಕ್ಕ'. ಎಲ್ಲ ಸಾಲಿನಲ್ಲೂ ಗೆರೆ ನೆಟ್ಟಗಿತ್ತು, ಆ ಒಂದು ಸಾಲಿನಲ್ಲಿ ಮಾತ್ರ ಎರಡು ಮನೆ ಒಳಗೆ ಬಂದಿತ್ತು. ಹಲ್ಲಿನ ಸಾಲಲ್ಲಿ ಒಂದು ವಕ್ರ ಹಲ್ಲು ಇದ್ದ ಹಾಗೆ. ನೋಡದೆ ಇರೋಕೆ ಆಗಲಿಲ್ಲ.

'ಲೆಕ್ಕ' ಅನ್ನುವ ಪದ ಎಷ್ಟು ಉದ್ದ? ಓದುವ ನಮಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಐದು ಕೋಡ್ ಪಾಯಿಂಟ್, ಅಂದರೆ ಅಕ್ಷರಕ್ಕೂ ಚಿಹ್ನೆಗೂ ಕೊಟ್ಟಿರುವ ಐದು ಸಂಖ್ಯೆ: ಲ, ಏತ್ವ, ಕ, ಹಲಂತ, ಇನ್ನೊಂದು ಕ. ಡಿಸ್ಕ್‌ನಲ್ಲಿ ಯುಟಿಎಫ್-8 ರೂಪದಲ್ಲಿ 15 ಬೈಟ್, ಯಾಕೆಂದರೆ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ ಮೂರು ಬೈಟ್ ಬೇಕು. ಟರ್ಮಿನಲ್ ಅದಕ್ಕೆ ಕೊಟ್ಟಿದ್ದು ಮೂರು ಮನೆ. ಏತ್ವಕ್ಕೂ ಹಲಂತಕ್ಕೂ ಸ್ವಂತ ಜಾಗ ಇಲ್ಲ ಅಂತ ಅದರ ಪಟ್ಟಿಯಲ್ಲಿದೆ. ಎರಡು, ಐದು, ಹದಿನೈದು, ಮೂರು. ಒಂದೇ ಪದಕ್ಕೆ ನಾಲ್ಕು ಅಳತೆ, ನಾಲ್ಕೂ ಸರಿ. ನಮ್ಮ ಟೂಲ್ ಕೋಡ್ ಪಾಯಿಂಟ್ ಎಣಿಸುತ್ತಿತ್ತು. 20 ಮನೆಯ ಅಗಲದಲ್ಲಿ ಐದು ತುಂಬಿತು ಅಂದುಕೊಂಡು 15 ಖಾಲಿ ಜಾಗ ಸೇರಿಸಿತು. ನಿಜಕ್ಕೂ ತುಂಬಿದ್ದು ಮೂರೇ. ಗೆರೆ ಎರಡು ಮನೆ ಒಳಗೆ ಬಂದಿದ್ದು ಹಾಗೆ.

ಉದ್ದ ಎಣಿಸುವ ಕಡೆ ಅಗಲ ಎಣಿಸುವ ಲೈಬ್ರರಿ, ಅಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡ್, ಹಾಕಿದೆ. ಒಂದೇ ಸಾಲಿನ ಬದಲಾವಣೆ. ಇಷ್ಟೇ ತಾನೇ ಅಂತ ಹೆಮ್ಮೆಯಿಂದ ಕಳಿಸಿದೆ.

ಟೂಲ್ ನೋಡಿಕೊಳ್ಳುವ ಮೇಂಟೇನರ್‌ಗೆ ಕನ್ನಡ ಗೊತ್ತಿಲ್ಲ. ಆದರೂ ಅವರು ನಾನು ಟೆಸ್ಟ್‌ನಲ್ಲಿ ಬರೆದಿದ್ದ ಪದಗಳನ್ನೆಲ್ಲ ಎತ್ತಿ ತಮ್ಮ ಟರ್ಮಿನಲ್‌ನಲ್ಲಿ ಹಾಕಿ ನೋಡಿದರು. 'ಲೆಕ್ಕ' ಸರಿಯಾಗಿತ್ತು. 'ಕಾಗದ' ಸರಿಯಿರಲಿಲ್ಲ, ಗೆರೆ ಈ ಸಲ ಒಂದು ಮನೆ ಹೊರಗೆ ಹೋಗಿತ್ತು. ಸ್ಕ್ರೀನ್‌ಶಾಟ್ ಹಾಕಿ "ಇದು ಹೀಗೇ ಇರಬೇಕಾ?" ಅಂತ ಕೇಳಿದ್ದರು. ಆಮೇಲೆ ಗೊತ್ತಾಯಿತು. ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ನಮ್ಮ ಗುಣಿತದ ಚಿಹ್ನೆಗಳೆಲ್ಲ ಒಂದೇ ಜಾತಿಯಲ್ಲ. 'ಕೆ'ಯ ಏತ್ವ, 'ಕಿ'ಯ ಗುಡಿಸು ಜಾಗ ತೆಗೆದುಕೊಳ್ಳದ ಗುಂಪಿಗೆ ಸೇರಿವೆ. 'ಕಾ'ದ ಇಳಿ, 'ಕು'ವಿನ ಕೊಂಬು ಜಾಗ ತೆಗೆದುಕೊಳ್ಳುವ ಗುಂಪಿಗೆ. ಈ ಎರಡನೇ ಗುಂಪಿಗೆ ಕೆಲವು ಟರ್ಮಿನಲ್‌ಗಳು ಒಂದು ಮನೆ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಅವರದು ಕೊಡುವ ಟರ್ಮಿನಲ್. ನನ್ನದು ಕೊಡದ್ದು. ನಾನು ಹಾಕಿದ ಲೈಬ್ರರಿಯೂ ನನ್ನ ಟರ್ಮಿನಲ್‌ನ ಪಕ್ಷ.

ಟರ್ಮಿನಲ್ಲನ್ನೇ ಕೇಳಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಕೇಳಬಹುದು. ಕರ್ಸರ್ ಈಗ ಎಲ್ಲಿದೆ ಅಂತ ಕೇಳೋಕೆ ಒಂದು ಆಜ್ಞೆ ಇದೆ, ಟರ್ಮಿನಲ್ ಉತ್ತರವನ್ನೂ ಕೊಡುತ್ತದೆ. ತೊಂದರೆ ಏನೆಂದರೆ ಆ ಉತ್ತರ ಕೀಬೋರ್ಡ್‌ನ ದಾರಿಯಲ್ಲೇ ಬರುತ್ತದೆ. ಬಳಸುವವರು ಒತ್ತುತ್ತಿರುವ ಕೀಗಳ ಮಧ್ಯೆ ಅದನ್ನು ಹೆಕ್ಕಬೇಕು. ಪ್ರತಿ ಫೈಲ್ ಹೆಸರಿಗೂ ಹೀಗೆ ಕೇಳುತ್ತಾ ಕೂತರೆ ಟೂಲ್ ಆಮೆಯಾಗುತ್ತದೆ.

ಕೊನೆಗೆ ದಾರಿ ತೋರಿಸಿದವರು ಆ ಮೇಂಟೇನರೇ. ಅಗಲ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡ. ಸಾಲು ಒರೆಸು, ಹೆಸರು ಬರೆ, ಆಮೇಲೆ ಕರ್ಸರನ್ನು ಎತ್ತಿ ನೇರವಾಗಿ 21ನೇ ಮನೆಗೆ ಇಟ್ಟು ಗೆರೆ ಎಳೆ. ಹೆಸರು ಮೂರು ಮನೆ ತಿನ್ನಲಿ, ನಾಲ್ಕು ತಿನ್ನಲಿ, ಗೆರೆ ಮಾತ್ರ ತನ್ನ ಜಾಗದಲ್ಲಿರುತ್ತದೆ. ಊಹೆ ಸರಿ ಮಾಡುವುದಕ್ಕಿಂತ ಊಹೆಯೇ ಬೇಡದ ಹಾಗೆ ಮಾಡುವುದು ವಾಸಿ ಅಂತ ನನಗೆ ಅಲ್ಲಿ ತಿಳಿಯಿತು. ಈಗಲೂ ಯಾವ ಟೂಲ್‌ಗೆ ಕೈ ಹಾಕಿದರೂ ಮೊದಲು ಹುಡುಕುವುದು ಅದನ್ನೇ. ಒಂದು ಸಾಲಿನ ಆ ಪುಲ್ ರಿಕ್ವೆಸ್ಟ್ ಮರ್ಜ್ ಆಗಿ ಟೂಲ್‌ಗೆ ಸೇರುವಾಗ ಇನ್ನೂರು ಸಾಲು ದಾಟಿತ್ತು, ಜಾಸ್ತಿ ಪಾಲು ಟೆಸ್ಟ್‌ಗಳೇ.

ಎಸ್ಕೇಪ್ ಕೀಯದು ಇನ್ನೊಂದು ಕಥೆ. ಆ ಕೀ ಒತ್ತಿದರೆ ಹೋಗುವುದು 27ನೇ ಬೈಟ್. ಮೇಲಿನ ಬಾಣದ ಕೀ ಒತ್ತಿದರೆ ಹೋಗುವುದು 27, 91, 65 ಅಂತ ಮೂರು ಬೈಟ್. ಅಂದರೆ ಎರಡರದ್ದೂ ಮೊದಲ ಬೈಟ್ ಒಂದೇ. 27 ಬಂದ ಕ್ಷಣದಲ್ಲಿ ಇದು ಎಸ್ಕೇಪೋ ಬಾಣವೋ ಅಂತ ಟೂಲ್‌ಗೆ ಗೊತ್ತಾಗುವುದಿಲ್ಲ. ಅದು ಸ್ವಲ್ಪ ಹೊತ್ತು ಕಾಯುತ್ತದೆ. ಮುಂದೆ ಏನೂ ಬರಲಿಲ್ಲವಾ, ಸರಿ, ಎಸ್ಕೇಪೇ ಇರಬೇಕು. ಎಷ್ಟು ಹೊತ್ತು ಕಾಯಬೇಕು? ಇಂಥ ಟೂಲ್ ಬರೆಯೋಕೆ ಬಳಸುವ ಎನ್‌ಕರ್ಸಸ್ ಲೈಬ್ರರಿ ತಾನಾಗಿ ಕಾಯುವುದು 1000 ಮಿಲಿಸೆಕೆಂಡ್, ಪೂರ್ತಿ ಒಂದು ಸೆಕೆಂಡ್. ಮೆನು ಮುಚ್ಚೋಕೆ ಎಸ್ಕೇಪ್ ಒತ್ತಿ ಒಂದು ಸೆಕೆಂಡ್ ಸುಮ್ಮನೆ ಕೂತು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ನಾನು ಅದನ್ನು 25ಕ್ಕೆ ಇಳಿಸಿ ಕಳಿಸಿದೆ. ನನಗೆ ಸ್ವರ್ಗ. ದೂರದ ಸರ್ವರ್‌ಗೆ ನಿಧಾನದ ನೆಟ್‌ವರ್ಕ್‌ನಲ್ಲಿ ಎಸ್‌ಎಸ್‌ಎಚ್ ಮೂಲಕ ಹೋಗಿ ಕೆಲಸ ಮಾಡುವ ಒಬ್ಬರು ಎರಡೇ ದಿನದಲ್ಲಿ ಬಂದು ಬೈದರು. ಅವರ ಕಡೆ ಬಾಣದ ಮೂರು ಬೈಟ್ ಒಟ್ಟಿಗೆ ಬರುವುದಿಲ್ಲ. ಬಾಣ ಒತ್ತಿದರೆ ಮೆನುವೇ ಮುಚ್ಚಿಹೋಗುತ್ತಿತ್ತು. ಮೂರು ವಾರ ಚರ್ಚೆ ನಡೆಯಿತು. 50 ಇರಲಿ ಅಂತ ಒಬ್ಬರು, 200 ಇರಲಿ ಅಂತ ಇನ್ನೊಬ್ಬರು. ಕೊನೆಗೆ 100 ಅಂತ ಇಟ್ಟು, ಬೇಕಾದವರು ಬದಲಿಸಿಕೊಳ್ಳಲಿ ಅಂತ ಸೆಟ್ಟಿಂಗ್ ಒಂದನ್ನು ಕೊಟ್ಟೆವು. ಯಾರಿಗೂ ಪೂರ್ತಿ ಖುಷಿಯಾಗಲಿಲ್ಲ. ಇಡೀ ಬದಲಾವಣೆಯಲ್ಲಿ ಕೋಡ್ ಅನ್ನುವಂಥದ್ದು ನಾಲ್ಕು ಸಾಲು.

ನನಗೆ ಅತಿ ಹೆಚ್ಚು ಥ್ಯಾಂಕ್ಸ್ ಬಂದಿರುವುದು ಇದಕ್ಕಿಂತಲೂ ಚಿಕ್ಕ ಕೆಲಸಕ್ಕೆ. ಟಿಯುಐ ಟೂಲ್ ಶುರುವಾಗುವಾಗ ಟರ್ಮಿನಲ್ಲನ್ನು ಒತ್ತಿದ ಕೀ ನೇರವಾಗಿ ಟೂಲ್‌ಗೇ ಬರುವ ರಾ ಮೋಡ್‌ಗೆ ತರುತ್ತದೆ, ಒತ್ತಿದ ಕೀ ಪರದೆಯಲ್ಲಿ ಮೂಡದ ಹಾಗೆ ಮಾಡುತ್ತದೆ, ಆಲ್ಟರ್ನೇಟ್ ಸ್ಕ್ರೀನ್ ಅನ್ನುವ ಎರಡನೇ ಹಾಳೆಗೆ ಹಾರುತ್ತದೆ. ಮುಗಿಸುವಾಗ ಎಲ್ಲವನ್ನೂ ಇದ್ದ ಹಾಗೆ ಇಡಬೇಕು. ನಡುವೆ ಕ್ರ್ಯಾಶ್ ಆದರೆ? ಟೈಪ್ ಮಾಡಿದ್ದು ಕಾಣುವುದಿಲ್ಲ, ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಮೌಸ್ ಅಲ್ಲಾಡಿಸಿದರೆ ಅರ್ಥವಿಲ್ಲದ ಅಂಕಿಗಳು ಸುರಿಯುತ್ತವೆ. ಗೊತ್ತಿದ್ದವರು ಕಣ್ಣು ಮುಚ್ಚಿ ರೀಸೆಟ್ ಅಂತ ಟೈಪ್ ಮಾಡುತ್ತಾರೆ. ಗೊತ್ತಿಲ್ಲದವರು ಕಿಟಕಿಯನ್ನೇ ಮುಚ್ಚುತ್ತಾರೆ.

ಒಂದು ಟೂಲ್‌ನಲ್ಲಿ ಹೀಗಾಗದಂತೆ ನೋಡಿಕೊಂಡಿದ್ದರು, ಆದರೆ ಕ್ರಮ ತಪ್ಪಾಗಿತ್ತು. ಮೊದಲು ತಪ್ಪಿನ ವಿವರ ಬರೆದು, ಆಮೇಲೆ ಎರಡನೇ ಹಾಳೆಯಿಂದ ಹೊರಗೆ ಬರುತ್ತಿತ್ತು. ಹಾಳೆಯ ಜೊತೆ ಅದರ ಮೇಲೆ ಬರೆದಿದ್ದೂ ಹೋಯಿತು. "ಸುಮ್ನೆ ಮುಚ್ಚಿಹೋಗುತ್ತದೆ, ಯಾಕೆ ಅಂತ ಹೇಳುವುದಿಲ್ಲ" ಅನ್ನುವ ದೂರುಗಳು ವರ್ಷದಿಂದ ಕೂತಿದ್ದವು. ನಾನು ಮಾಡಿದ್ದು ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದು, ಅಷ್ಟೇ. ಆಮೇಲೆ ಬಂದ ದೂರುಗಳಲ್ಲಿ, ಅಂದರೆ ಇಶ್ಯೂಗಳಲ್ಲಿ, ತಪ್ಪಿನ ಪೂರ್ತಿ ವಿವರ ಇರುತ್ತಿತ್ತು, ಬೇರೆಯವರು ಅವನ್ನೆಲ್ಲ ಸರಿ ಮಾಡಿದರು. ಈಗ ರಸ್ಟ್ ಭಾಷೆಯ ರಾಟಟೂಯಿ ಲೈಬ್ರರಿಯಲ್ಲಿ ಈ ವ್ಯವಸ್ಥೆ ಮೊದಲೇ ಇದೆ, ಪ್ರತಿಯೊಬ್ಬರೂ ಬರೆದುಕೊಳ್ಳುವ ಅಗತ್ಯ ಇಲ್ಲ.

ರಾಟಟೂಯಿ ಅಂದಾಗ ನೆನಪಾಯಿತು. ಅದು ಹುಟ್ಟಿದ್ದೇ ಹೀಗೆ ಉಳಿದ ಕೆಲಸದಿಂದ. ಮೊದಲು ಟಿಯುಐ-ಆರ್‌ಎಸ್ ಅಂತ ಒಂದು ಲೈಬ್ರರಿ ಇತ್ತು. ಅದರ ಲೇಖಕರಿಗೆ ಸಮಯ ಸಿಗದಾಯಿತು. 2023ರಲ್ಲಿ ಅದನ್ನು ಬಳಸುತ್ತಿದ್ದವರೇ ಸೇರಿ ಫೋರ್ಕ್ ಮಾಡಿ, ಅಂದರೆ ಕೋಡ್‌ನ ನಕಲು ತೆಗೆದುಕೊಂಡು, ಹೆಸರು ಬದಲಿಸಿ ಮುಂದುವರಿಸಿದರು. 2020ರಲ್ಲಿ ಎಚ್‌ಟಾಪ್‌ಗೂ ಹೀಗೇ ಆಯಿತು, ಒಂದು ಗುಂಪು ಅದನ್ನು ಕೈಗೆತ್ತಿಕೊಂಡಿತು. ಓಪನ್ ಸೋರ್ಸ್‌ಗೆ ಕೊಡುಗೆ ಅಂದರೆ ಹೊಸ ಫೀಚರ್ ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸ ಫೀಚರ್ ಬರೆಯುವವರು ಬೇಕಾದಷ್ಟು ಸಿಗುತ್ತಾರೆ. ಹತ್ತು ವರ್ಷದ ಹಳೇ ಕೋಡನ್ನು ಕೂತು ಓದುವವರು ಸಿಗುವುದಿಲ್ಲ.

ದುಡ್ಡು ಬರುತ್ತಾ ಅನ್ನುವುದು ಮುಂದಿನ ಪ್ರಶ್ನೆ. ಇಲ್ಲ. ಇಂಟರ್‌ವ್ಯೂನಲ್ಲಿ ಉಪಯೋಗಕ್ಕೆ ಬಂತಾ? ಒಂದು ಸಲ. ಇದೆಲ್ಲ ಹಳೇ ಕಾಲದ್ದು ಅನ್ನುವವರಿಗೆ ಮಾತ್ರ ಒಂದು ಮಾತು: ಈಚೆಗೆ ಬಂದ ಎಐ ಕೋಡಿಂಗ್ ಟೂಲ್‌ಗಳಲ್ಲಿ ಎಷ್ಟೊಂದು ಟರ್ಮಿನಲ್ ಒಳಗೇ ಓಡುತ್ತವೆ, ನೋಡಿದ್ದೀರಿ ಅಲ್ವಾ? ಅವಕ್ಕೂ ಇದೇ 27ನೇ ಬೈಟೇ ಗತಿ.

ನಿಮಗೂ ಕೈ ಹಾಕುವ ಮನಸ್ಸಿದ್ದರೆ ಕೋಡ್‌ನಿಂದ ಶುರು ಮಾಡಬೇಡಿ. ಯಾವುದಾದರೂ ಟೂಲ್‌ನ ಹಳೇ ಇಶ್ಯೂ ಒಂದನ್ನು ತೆಗೆದು, ನಿಮ್ಮ ಕಡೆ ಅದು ಹಾಗೇ ಆಗುತ್ತದಾ ಅಂತ ನೋಡಿ. ಯಾವ ಟರ್ಮಿನಲ್, ಯಾವ ವರ್ಶನ್, ಫಾಂಟ್ ಯಾವುದು, ಕಿಟಕಿಯ ಅಗಲ ಎಷ್ಟು ಅಂತ ಬರೆಯಿರಿ. ಮುಖ್ಯವಾಗಿ ಟಿಮಕ್ಸ್ ಒಳಗಾ, ಹೊರಗಾ ಅಂತ ಬರೆಯಿರಿ. ಟಿಮಕ್ಸ್ ಅನ್ನುವುದು ಒಂದೇ ಕಿಟಕಿಯಲ್ಲಿ ಹಲವು ಟರ್ಮಿನಲ್ ಇಟ್ಟುಕೊಳ್ಳುವ ಟೂಲ್. ಅದು ಒಳಗಿನ ಟೂಲ್‌ಗೆ ತಾನೇ ಟರ್ಮಿನಲ್ ಅಂತ ನಂಬಿಸುತ್ತದೆ. ವೇಷದ ಮೇಲೆ ಇನ್ನೊಂದು ವೇಷ. ನಾನು ನೋಡಿದ ವಿಚಿತ್ರ ದೂರುಗಳಲ್ಲಿ ಬಹಳಷ್ಟು ಈ ಒಂದು ಪ್ರಶ್ನೆಯಲ್ಲೇ ಬಗೆಹರಿದಿವೆ.

ಮೊನ್ನೆ ಅದೇ ಫೈಲ್ ಮ್ಯಾನೇಜರ್‌ಗೆ ಇನ್ನೊಂದು ಇಶ್ಯೂ ಬಂದಿದೆ. ಯಾರೋ ಫೋಲ್ಡರ್ ಹೆಸರಿನಲ್ಲಿ ಅಪ್ಪ, ಅಮ್ಮ, ಮಗಳು ಇರುವ ಕುಟುಂಬದ ಇಮೋಜಿ ಹಾಕಿದ್ದಾರೆ. ಅದು ಮೂರು ಇಮೋಜಿಗಳನ್ನು ಕಾಣದ ಎರಡು ಕೊಂಡಿಗಳಿಂದ ಹೆಣೆದ ಒಂದೇ ಚಿತ್ರ. ಕೆಲವು ಟರ್ಮಿನಲ್ ಅದಕ್ಕೆ ಎರಡು ಮನೆ ಕೊಡುತ್ತವೆ, ಕೆಲವು ಆರು. ಗೆರೆ ನೆಟ್ಟಗೇ ಇದೆ, ಆದರೆ ಪಕ್ಕದ ಫೈಲ್ ಸೈಜ್‌ನ ಮೊದಲ ಅಂಕಿ ಮಾಯವಾಗಿದೆಯಂತೆ. ನನ್ನ ಕಡೆ ಹಾಗೆ ಆಗುತ್ತಿಲ್ಲ. ಟಿಮಕ್ಸ್ ಒಳಗಾ, ಹೊರಗಾ ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.