ಒಂಟಿತನ, ಜಂಟಿತನ

30 ಜುಲೈ 2024, ಮಂಗಳವಾರ

1881ರ ಇದೇ ದಿನಾಂಕದಂದು ಸ್ವಿಟ್ಜರ್ಲೆಂಡಿನ ಸಿಲ್ಸ್ ಮರೀಯಾ ಎಂಬ ಹಳ್ಳಿಯಿಂದ ಜರ್ಮನ್ ತತ್ತ್ವಜ್ಞಾನಿ ನೀತ್ಸೆ ತನ್ನ ಆಪ್ತ ಗೆಳೆಯ ಫ್ರಾಂಟ್ಸ್ ಓವರ್‌ಬೆಕ್‌ಗೆ ಬರೆದ ಅಂಚೆ ಕಾರ್ಡನ್ನು ಇಂದು ಮತ್ತೊಮ್ಮೆ ಓದಿದೆ. ತನಗೊಬ್ಬ ಪೂರ್ವಸೂರಿ ಸಿಕ್ಕಿದ್ದಾನೆ, ಅವನು ಹದಿನೇಳನೆಯ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾ ಎಂಬುದೇ ಅದರಲ್ಲಿರುವ ಸುದ್ದಿ. ಇಚ್ಛಾಸ್ವಾತಂತ್ರ್ಯ, ಸೃಷ್ಟಿಯ ಉದ್ದೇಶ, ಜಗತ್ತಿನ ನೈತಿಕ ವ್ಯವಸ್ಥೆ, ನಿಃಸ್ವಾರ್ಥ, ಕೆಡುಕು ಎಂಬ ಐದನ್ನೂ ಆತ ತನ್ನಂತೆಯೇ ಅಲ್ಲಗಳೆದಿದ್ದಾನೆಂದು ಒಂದೊಂದಾಗಿ ಎಣಿಸುವಾಗ, ಮೂವತ್ತಾರು ವರ್ಷದ ಆ ರೋಗಿಷ್ಠ ಮನುಷ್ಯನ ಬರವಣಿಗೆ ಸಡಗರದಿಂದ ಏದುಸಿರು ಬಿಡುತ್ತದೆ. ಆತ ಸ್ಪಿನೋಜಾನನ್ನು ಅರಿತದ್ದು ಹೆಚ್ಚಾಗಿ ಕುನೊ ಫಿಷರ್ ಬರೆದ ತತ್ತ್ವಶಾಸ್ತ್ರದ ಇತಿಹಾಸದ ಮೂಲಕ. ಆ ಸಂಪುಟವನ್ನು ತರಿಸಿಕೊಡುವಂತೆ ಅದೇ ತಿಂಗಳು ಕೇಳಿಕೊಂಡದ್ದೂ ಓವರ್‌ಬೆಕ್‌ನನ್ನೇ. ತನ್ನ ಏಕಾಂತ ಈಗ ಇಬ್ಬರದಾಯಿತೆನ್ನಲು ಆತ ಬಳಸಿದ ಜರ್ಮನ್ ಪದದ ಚಮತ್ಕಾರ ಕನ್ನಡದಲ್ಲಿ ಸಲೀಸಾಗಿ ಬರುತ್ತದೆ: ಒಂಟಿತನ ಜಂಟಿತನವಾಯಿತು.

ಕಳೆದ ವಾರ ನನಗೂ, ಬಹಳ ಸಣ್ಣ ಪ್ರಮಾಣದಲ್ಲಿ, ಅಂಥದೊಂದು ಬೆಳಗು ಒದಗಿತ್ತು. ಕೊಟ್ಟ ಮಾತು ನಮ್ಮನ್ನು ಕಟ್ಟಿಹಾಕುವುದು ಕೊಟ್ಟವನ ಸಂಕಲ್ಪದಿಂದಲ್ಲ, ಪಡೆದವರಿಗೆ ಅದರಿಂದ ನಮ್ಮನ್ನು ಬಿಡಿಸುವ ಅಧಿಕಾರವಿರುವುದರಿಂದ ಎಂದು ಹೊಳೆದದ್ದೇ ತಡ, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಬಳಿಗೆ ಓಡಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವಳು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು. "ಹಾಗಾದರೆ ಸತ್ತವರಿಗೆ ಕೊಟ್ಟ ಮಾತಿನಿಂದ ನಮ್ಮನ್ನು ಬಿಡಿಸುವವರು ಯಾರು?" ಎಂದಳು. ಎರಡು ವರ್ಷದಿಂದ ಈ ವಿಷಯದ ನನ್ನ ಕರಡುಗಳನ್ನು ತಿದ್ದಿದ ಯಾರೂ ಇದನ್ನು ಕೇಳಿರಲಿಲ್ಲ.

ನೀತ್ಸೆಯ ಮುಂದಿನ ವರ್ತನೆ ನನಗೆ ಇನ್ನೂ ಕುತೂಹಲಕರ. ಆ ಕಾರ್ಡು ಬರೆದ ಕೆಲವೇ ದಿನಗಳಲ್ಲಿ, ಸಿಲ್ವಾಪ್ಲಾನಾ ಸರೋವರದ ದಡದ ಬಂಡೆಯೊಂದರ ಬಳಿ ಆತನಿಗೆ ಪುನರಾವರ್ತನೆಯ ವಿಚಾರ ಹೊಳೆಯಿತು: ನಡೆದದ್ದೆಲ್ಲ ಇದ್ದಂತೆಯೇ ಮತ್ತೆ ಮತ್ತೆ, ಕೊನೆಯಿಲ್ಲದೆ ಮರಳುತ್ತದೆ ಎಂಬುದು. ಆದರೆ ಆಗಸ್ಟ್ 14ರಂದು ಗೆಳೆಯ ಕೋಸೆಲಿಟ್ಸ್‌ಗೆ ಬರೆದ ಪತ್ರದಲ್ಲಿ, ಹಿಂದೆಂದೂ ಕಾಣದ ವಿಚಾರಗಳು ಮೂಡಿವೆ, ಅವುಗಳ ಬಗ್ಗೆ ಏನನ್ನೂ ಹೇಳಲಾರೆ ಎಂದಷ್ಟೇ ಸೂಚಿಸಿ, ನಡೆಯುತ್ತ ಆನಂದದಿಂದ ಅತ್ತದ್ದನ್ನು, ಅದರಿಂದ ಕಣ್ಣು ಉರಿಯೆದ್ದದ್ದನ್ನು ವರ್ಣಿಸುತ್ತಾನೆ. ಸ್ಪಿನೋಜಾ ಸಿಕ್ಕ ಸುದ್ದಿಯನ್ನು ಎಣಿಸಿ ಎಣಿಸಿ ಹೇಳಿದವನು ಸ್ವಂತದ್ದನ್ನು ಮಾತ್ರ ಮುಚ್ಚಿಟ್ಟುಕೊಂಡ. ಇದನ್ನು ಅಹಂಕಾರವೆನ್ನಲು ನನಗೆ ಮನಸ್ಸು ಬಾರದು. ಇನ್ನೂ ಹಸಿಯಾಗಿದ್ದುದನ್ನು ಆತ ಕಾಪಾಡಿಕೊಂಡನೆಂದೇ ತೋರುತ್ತದೆ.

ಹೆಂಡತಿಯ ಪ್ರಶ್ನೆಗೆ ನಿನ್ನೆ ರಾತ್ರಿಯಿಂದ ಒಂದು ಉತ್ತರ ಮೂಡುತ್ತಿದೆ. ಅವಳಿಗೆ ಇನ್ನೂ ಹೇಳಿಲ್ಲ.