ಆಲೂಗಡ್ಡೆ ಎಲೆಯೂ ಎಂಟು ವರ್ಷದ ಲೆಕ್ಕವೂ

ಹಾಸನ, 12 ಜುಲೈ 2025, ಶನಿವಾರ

ಬೆಳಿಗ್ಗೆಯಿಂದ ಸೋನೆ ಹಿಡಿದಿದೆ. ಆಲೂಗಡ್ಡೆ ಹೊಲಗಳಿಗೆ ಇದು ಎಲೆ ಕೊಳೆಸುವ ಅಂಗಮಾರಿ ರೋಗದ ಹವೆ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿದ್ದುಕೊಂಡು ಎಲೆರೋಗ ಗುರುತಿಸುವ ವಿಷಯದಲ್ಲಿ ಪಿಎಚ್‌ಡಿ ಮಾಡುವವರಿಗೆ ಇಡೀ ವರ್ಷದ ಚಿತ್ರ ಸಿಗುವುದು ಈ ಕೆಲವೇ ವಾರಗಳಲ್ಲಿ. ಈ ಮಳೆ ತಪ್ಪಿದರೆ ಮುಂದಿನ ಮುಂಗಾರೇ ಗತಿ. ಹಂಗಾಮು ತಪ್ಪಿದರೆ ಪಿಎಚ್‌ಡಿ ಒಂದು ವರ್ಷ ಮುಂದಕ್ಕೆ, ಅದರ ಹಿಂದೆಯೇ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಯೂ ಒಂದು ವರ್ಷ ಮುಂದಕ್ಕೆ. ಹೊಲಕ್ಕೂ ಹುದ್ದೆಗೂ ನಡುವಿನ ಈ ಕೊಂಡಿಯನ್ನು ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಪಾಠ ಮಾಡಲು ಸೇರಿದವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಇವತ್ತಿನ ಪುಟ ಅದಕ್ಕೇ ಮೀಸಲು.

ಮೊದಲು ಲೆಕ್ಕ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2019ರ ಮಾರ್ಚ್‌ನಲ್ಲಿ ಹೊರಡಿಸಿದ ನಿಯಮದಂತೆ, ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಬಿ.ಇ. ಮತ್ತು ಎಂ.ಟೆಕ್ ಎರಡೂ ಬೇಕು, ಎರಡರಲ್ಲಿ ಒಂದರಲ್ಲಾದರೂ ಫಸ್ಟ್ ಕ್ಲಾಸ್ ಇರಬೇಕು. ಆರಂಭದ ಮೂಲವೇತನ 57,700. ಅಸೋಸಿಯೇಟ್ ಆಗಲು ಪಿಎಚ್‌ಡಿ, ಮಾನ್ಯ ಜರ್ನಲ್‌ಗಳಲ್ಲಿ ಕನಿಷ್ಠ 6 ಪ್ರಬಂಧ, ಒಟ್ಟು 8 ವರ್ಷದ ಅನುಭವ. ಆ ಎಂಟರಲ್ಲಿ ಕನಿಷ್ಠ 2 ವರ್ಷ ಪಿಎಚ್‌ಡಿ ಆದ ಮೇಲಿನದ್ದಾಗಿರಬೇಕು. ಮೂಲವೇತನ 1,31,400. ಪ್ರೊಫೆಸರ್ ಹುದ್ದೆಗೆ 10 ವರ್ಷದ ಅನುಭವ, ಅದರಲ್ಲಿ 3 ವರ್ಷ ಅಸೋಸಿಯೇಟ್ ಮಟ್ಟದ್ದು. ಜೊತೆಗೆ ಆ ಮಟ್ಟದಲ್ಲಿ 6 ಪ್ರಬಂಧ ಬರೆದು ಇಬ್ಬರಿಗೆ ಪಿಎಚ್‌ಡಿ ಮಾಡಿಸಿರಬೇಕು, ಇಲ್ಲವೇ 10 ಪ್ರಬಂಧವಾದರೂ ಇರಬೇಕು. ಮೂಲವೇತನ 1,44,200. ಅನುದಾನರಹಿತ ಕಾಲೇಜುಗಳಲ್ಲಿ ಈ ಅಂಕಿಗಳು ಎಲ್ಲೆಡೆ ಕೈಗೆ ಬರುವುದಿಲ್ಲ. ನೇಮಕಾತಿ ಪತ್ರದಲ್ಲಿ ವೇತನಶ್ರೇಣಿ ಬರೆದಿದ್ದಾರೋ, ಬರೀ ಒಟ್ಟು ಮೊತ್ತ ಬರೆದಿದ್ದಾರೋ ನೋಡಿಯೇ ಸಹಿ ಹಾಕಬೇಕು.

‘8 ವರ್ಷ’ ಅನ್ನುವುದನ್ನು ಕೇಳಿ ಬಹಳ ಜನ ನಿರಾಳವಾಗುತ್ತಾರೆ. ನಿಜವಾಗಿ ಹಿಡಿದುಹಾಕುವುದು ಆ 2 ವರ್ಷದ ಷರತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷಕ್ಕೆ ನೋಂದಣಿ ಮಾಡಿಸಿ ಐದು ವರ್ಷದಲ್ಲಿ ಮುಗಿಸಿದವರು ಒಂಬತ್ತನೇ ವರ್ಷಕ್ಕೆ ಅರ್ಜಿ ಹಾಕಬಹುದು. ‘ಮೊದಲು ಪಾಠ ಕೈಗೆ ಹತ್ತಲಿ’ ಎಂದು ಆರನೇ ವರ್ಷಕ್ಕೆ ನೋಂದಾಯಿಸಿ ಆರು ವರ್ಷ ತೆಗೆದುಕೊಂಡರೆ 6, 6, 2, ಒಟ್ಟು ಹದಿನಾಲ್ಕು. ವಾರಕ್ಕೆ 16 ಗಂಟೆ ನೇರ ಪಾಠ, ಅದರ ಮೇಲೆ ಲ್ಯಾಬ್ ರೆಕಾರ್ಡು, ಇಂಟರ್ನಲ್ಸ್, ಕೋರ್ಸಿನ ಮಾನ್ಯತೆಗೆ ಬೇಕಾದ ಎನ್‌ಬಿಎ ಕಡತ ಇರುವ ಕೆಲಸದಲ್ಲಿ ‘ಬಿಡುವಾದಾಗ ಶುರು ಮಾಡೋಣ’ ಅನ್ನುವ ಬಿಡುವು ಬರುವುದೇ ಇಲ್ಲ.

ಗೈಡ್ ಆರಿಸುವಾಗ ಹೆಸರಿನ ಜೊತೆ ವಯಸ್ಸನ್ನೂ ಕೇಳಬೇಕು. ಕೇಳಲು ಸಂಕೋಚವಾಗುವುದು ಸಹಜ, ಆದರೂ ಕೇಳಿ. ಯುಜಿಸಿಯ 2022ರ ನಿಯಮದಂತೆ ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಒಂದು ಹೊತ್ತಿಗೆ ಪ್ರೊಫೆಸರ್ ಬಳಿ 8, ಅಸೋಸಿಯೇಟ್ ಬಳಿ 6, ಅಸಿಸ್ಟೆಂಟ್ ಬಳಿ 4 ಜನಕ್ಕೆ ಮಾತ್ರ ಜಾಗ. ‘ಸರ್, ನಿಮ್ಮಲ್ಲಿ ಈಗ ಎಷ್ಟು ಸೀಟು ಖಾಲಿ ಇದೆ, ಯಾರ್‍ಯಾರು ಯಾವ ಹಂತದಲ್ಲಿದ್ದಾರೆ?’ ಎಂದು ನೇರವಾಗಿ ಕೇಳಿದರೆ ಒಳ್ಳೆಯ ಗೈಡ್ ಬೇಸರ ಮಾಡಿಕೊಳ್ಳುವುದಿಲ್ಲ.

ವಿಷಯ ಯಾವುದು? ಹಾಸನದಲ್ಲಿ ಕೂತು ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಯನ್ನು ಬುಡದಿಂದ ತರಬೇತಿ ಮಾಡಲು ಯಂತ್ರಬಲ ಸಾಲದು. ದುದ್ದ, ಶಾಂತಿಗ್ರಾಮ, ಸಾಲಗಾಮೆ ಕಡೆಯ ಹೊಲಗಳಲ್ಲಿ ಸಿಗುವ ಚಿತ್ರ ಮಾತ್ರ ದೊಡ್ಡ ಊರಿನ ಲ್ಯಾಬ್‌ನಲ್ಲಿ ಸಿಗುವುದಿಲ್ಲ. ಚಿಕ್ಕಮಗಳೂರಿನವರಿಗೆ ಕಾಫಿಯ ಎಲೆತುಕ್ಕು ಹಾಗೆಯೇ. 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಬಾಳೆಹೊನ್ನೂರು ಅವರ ಜಿಲ್ಲೆಯಲ್ಲೇ ಇದೆ. ಇದು ಸಣ್ಣ ಊರಿನ ಕಾಲೇಜಿಗಿರುವ ನಿಜವಾದ ಅನುಕೂಲ, ಬಿಡಬಾರದು. ಆದರೆ ಬೆಳೆ ನಮ್ಮದೆಂದ ಮಾತ್ರಕ್ಕೆ ಸಂಶೋಧನೆ ಆಗುವುದಿಲ್ಲ. ಕಂಪ್ಯೂಟರ್ ಸೈನ್ಸಿನ ಪ್ರಶ್ನೆ ಪ್ರತ್ಯೇಕವಾಗಿ ಇರಬೇಕು: ಕಡಿಮೆ ಚಿತ್ರಗಳಲ್ಲಿ ಕಲಿಯುವುದು ಹೇಗೆ, ಒಂದು ಹೊಲದಲ್ಲಿ ಕಲಿತದ್ದು ಇನ್ನೊಂದು ಹೊಲದಲ್ಲಿ ಏಕೆ ಸೋಲುತ್ತದೆ, ಇಂಥವು.

ಸೋಲುತ್ತದೆ ಅನ್ನುವುದು ಊಹೆಯಲ್ಲ. ಎಲ್ಲರೂ ಬಳಸುವ ಪ್ಲಾಂಟ್‌ವಿಲೇಜ್ ಎಂಬ ಎಲೆಚಿತ್ರಗಳ ಸಂಗ್ರಹದಲ್ಲಿ ಸುಮಾರು 54,300 ಚಿತ್ರಗಳಿವೆ, 14 ಬೆಳೆ, 38 ವರ್ಗ (ಯಾವ ಬೆಳೆ, ಯಾವ ರೋಗ ಅಥವಾ ಆರೋಗ್ಯ ಎಂಬ ವಿಂಗಡಣೆ). 2016ರ ಪ್ರಬಂಧವೊಂದರಲ್ಲಿ ಇದರ ಮೇಲೆ ಶೇ 99.35 ನಿಖರತೆ ಬಂತು. ಅದೇ ಪ್ರಬಂಧದವರು ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರ ಕೊಟ್ಟು ನೋಡಿದಾಗ ಅದು ಶೇ 31ರ ಆಸುಪಾಸಿಗೆ ಇಳಿಯಿತು. ಪ್ಲಾಂಟ್‌ವಿಲೇಜ್‌ನ ಚಿತ್ರಗಳು ಕಿತ್ತ ಒಂದೊಂದೇ ಎಲೆಯನ್ನು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ಹೊಲದಲ್ಲಿ ಎಲೆಯ ಹಿಂದೆ ಇನ್ನೊಂದು ಎಲೆ, ಮಣ್ಣು, ಕಳೆ, ನೆರಳು ಎಲ್ಲವೂ ಇರುತ್ತವೆ. ಮತ್ತೊಬ್ಬ ಸಂಶೋಧಕರು ಎಲೆಯನ್ನು ಬಿಟ್ಟು ಹಿನ್ನೆಲೆಯ 8 ಪಿಕ್ಸೆಲ್ ಮಾತ್ರ ಕೊಟ್ಟು ಮಾದರಿಗೆ ಕಲಿಸಿದರು. ಕಣ್ಣು ಮುಚ್ಚಿ ಊಹಿಸಿದರೆ ಶೇ 2.6 ಬರಬೇಕಾದಲ್ಲಿ ಶೇ 49 ಬಂತು. ಅಂದರೆ ಯಂತ್ರ ರೋಗವನ್ನಲ್ಲ, ಫೋಟೊ ತೆಗೆದ ಮೇಜನ್ನು ಗುರುತಿಸುತ್ತಿತ್ತು.

ಆ ಸಂಗ್ರಹದಲ್ಲಿರುವ ಆಲೂಗಡ್ಡೆಯ ಭಾಗವನ್ನೇ ನೋಡಿ. ಎರಡು ರೋಗಗಳಿಗೆ ತಲಾ 1,000 ಚಿತ್ರ, ಆರೋಗ್ಯದ ಎಲೆಗೆ 152 ಮಾತ್ರ. ‘ಆರೋಗ್ಯವಾಗಿದೆ’ ಎಂದು ಒಮ್ಮೆಯೂ ಹೇಳಲಾಗದ ಮಾದರಿ ಕೂಡ ಇಲ್ಲಿ ಶೇ 92.9ರವರೆಗೆ ಅಂಕ ಗಳಿಸಬಹುದು. ರೈತನಿಗೆ ಅದು ಪ್ರತಿ ದಿನ ‘ಔಷಧಿ ಹೊಡಿ’ ಎಂದೇ ಹೇಳುತ್ತಿರುತ್ತದೆ. ಆದ್ದರಿಂದ ಪ್ರಬಂಧದಲ್ಲಿ ನಿಖರತೆಯೊಂದನ್ನೇ ಬರೆದರೆ ಸಾಲದು, ಪ್ರತಿ ವರ್ಗದ ತಪ್ಪು ಒಪ್ಪುಗಳ ಕೋಷ್ಟಕ ಬೇಕೇ ಬೇಕು.

ಈಗ ಹೊಲದ ಕೆಲಸ. ಮೋಡ ಮುಸುಕಿದ ಬೆಳಕು ಒಳ್ಳೆಯದು, ಫ್ಲ್ಯಾಶ್ ಬೇಡ. ಪ್ರತಿ ಎಲೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಅಂಗಮಾರಿಯ ಬಿಳಿ ಬೂಷ್ಟು ತೇವವಿರುವ ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಕಾಣುತ್ತದೆ. ಬಿಸಿಲೇರಿ ಒಣಗಿದ ಮೇಲೆ ಬರೀ ಕಂದು ಮಚ್ಚೆ ಉಳಿಯುತ್ತದೆ, ಉಂಗುರ ಉಂಗುರವಾಗಿ ಬರುವ ‘ಮುಂಚಿನ ಅಂಗಮಾರಿ’ (ಅರ್ಲಿ ಬ್ಲೈಟ್) ಎಂಬ ಬೇರೆ ರೋಗದ ಜೊತೆ ಗೊಂದಲವಾಗುತ್ತದೆ. ಕ್ಯಾಮೆರಾ ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಗೌಡ್ರೇ, ಔಷಧಿ ಹೊಡೆದು ಎಷ್ಟು ದಿನ ಆಯ್ತು?’ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಹೊಡೆದ ಎಲೆಯ ಮೇಲೆ ಹಳದಿ ಮಿಶ್ರಿತ ಬಿಳಿ ಪುಡಿ ಕೂತಿರುತ್ತದೆ. ಆರೋಗ್ಯದ ಎಲೆಗಳೆಲ್ಲ ಔಷಧಿ ಹೊಡೆದ ಹೊಲದವು, ರೋಗದ ಎಲೆಗಳೆಲ್ಲ ಹೊಡೆಯದ ಹೊಲದವು ಎಂದಾದರೆ ಮಾದರಿ ಕಲಿಯುವುದು ಆ ಪುಡಿಯನ್ನು. ಸಿಂಪಡಣೆಯ ದಿನಾಂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಎರಡು ಫೋನ್ ಇದ್ದರೆ ಎರಡರಲ್ಲೂ ಎಲ್ಲ ವರ್ಗಗಳ ಚಿತ್ರ ತೆಗೆಯಿರಿ. ಒಂದು ಫೋನ್ ರೋಗಕ್ಕೆ, ಇನ್ನೊಂದು ಆರೋಗ್ಯಕ್ಕೆ ಎಂದಾಗಬಾರದು.

ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿಕೊಂಡರೆ ಕೆಲಸ ಕೆಟ್ಟಿತು. ಗಾತ್ರ ಕುಗ್ಗುತ್ತದೆ, ಚಿತ್ರದೊಳಗಿನ ದಿನಾಂಕ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ಕೇಬಲ್ ಹಾಕಿ ನಕಲು ಮಾಡಿಕೊಂಡು ಅವತ್ತೇ ಸಂಜೆ ಹೆಸರು ಕೊಡಬೇಕು: ಹೊಲ, ಸಾಲು, ಗಿಡ, ಎಲೆ, ದಿನಾಂಕ, ಇದೇ ಕ್ರಮದಲ್ಲಿ. ಈ ಹೆಸರು ಎಷ್ಟು ಮುಖ್ಯ ಅನ್ನುವುದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ರೋಗ ಯಾವುದೆಂದು ಗುರುತು ಹಾಕುವ ಕೆಲಸ ಕಂಪ್ಯೂಟರ್ ಮೇಷ್ಟ್ರದ್ದಲ್ಲ. ಕಾರೆಕೆರೆಯಲ್ಲಿ ಕೃಷಿ ಕಾಲೇಜೇ ಇದೆ. ಸಸ್ಯರೋಗ ಬಲ್ಲ ಇಬ್ಬರಿಂದ ಬೇರೆಬೇರೆಯಾಗಿ ಗುರುತು ಹಾಕಿಸಿ, ಇಬ್ಬರ ಒಮ್ಮತವನ್ನು ಕಪ್ಪಾ ಮೌಲ್ಯದಲ್ಲಿ (ಆಕಸ್ಮಿಕ ಹೊಂದಿಕೆಯನ್ನು ಕಳೆದು ಒಮ್ಮತ ಅಳೆಯುವ ಅಂಕಿ) ಅಳೆದು ಬರೆಯಬೇಕು. ಭಿನ್ನಾಭಿಪ್ರಾಯ ಬಂದ ಚಿತ್ರಗಳನ್ನು ಅಳಿಸಬೇಡಿ, ಪ್ರತ್ಯೇಕ ಕಡತದಲ್ಲಿಡಿ. ಆ ಕಷ್ಟದ ಚಿತ್ರಗಳಲ್ಲೇ ಎರಡನೇ ಪ್ರಬಂಧ ಇರುತ್ತದೆ.

ಅತಿ ಹೆಚ್ಚು ಪ್ರಬಂಧಗಳು ಕೆಡುವ ಜಾಗ ತರಬೇತಿ ಮತ್ತು ಪರೀಕ್ಷೆಗೆ ಚಿತ್ರ ಹಂಚುವುದು. 3,000 ಚಿತ್ರಗಳನ್ನು ಕಲಸಿ, ತಿರುಗಿಸಿ, ಮಗುಚಿ 12,000 ಮಾಡಿ, ಆಮೇಲೆ 80ಕ್ಕೆ 20 ಎಂದು ಒಡೆಯುತ್ತಾರೆ. ಅಲ್ಲಿಗೆ ಒಂದೇ ಎಲೆಯ ಒಂದು ಪ್ರತಿ ತರಬೇತಿಯಲ್ಲಿ, ಮಗುಚಿದ ಪ್ರತಿ ಪರೀಕ್ಷೆಯಲ್ಲಿ. ಪ್ರಶ್ನೆಪತ್ರಿಕೆ ಸೋರಿದ ಹಾಗೆಯೇ ಇದು. ನಿಖರತೆ ಶೇ 99 ಬರುತ್ತದೆ, ಸಂತೋಷವೂ ಆಗುತ್ತದೆ, ಮೊದಲ ಗಂಭೀರ ವಿಮರ್ಶಕರ ಕೈಯಲ್ಲಿ ಪ್ರಬಂಧ ತಿರಸ್ಕಾರವಾಗುತ್ತದೆ. ಮೊದಲು ಒಡೆಯಬೇಕು, ಆಮೇಲೆ ತರಬೇತಿಯ ಪಾಲನ್ನು ಮಾತ್ರ ಹೆಚ್ಚಿಸಬೇಕು. ಒಡೆಯುವುದೂ ಚಿತ್ರದ ಲೆಕ್ಕದಲ್ಲಲ್ಲ, ಹೊಲದ ಲೆಕ್ಕದಲ್ಲಿ: ಹತ್ತು ಹೊಲವಿದ್ದರೆ ಎಂಟು ತರಬೇತಿಗೆ, ಎರಡು ಪರೀಕ್ಷೆಗೆ. ಸೈಕಿಟ್‌ಲರ್ನ್ ಎಂಬ ಪೈಥಾನ್ ತಂತ್ರಾಂಶದಲ್ಲಿ ಗುಂಪಿನ ಲೆಕ್ಕದಲ್ಲಿ ಒಡೆಯುವ ಗ್ರೂಪ್‌ಕೆಫೋಲ್ಡ್ ಇರುವುದು ಇಂಥದ್ದಕ್ಕೇ. ಗುಂಪಿನ ಹೆಸರಾಗಿ ಕಡತದ ಹೆಸರಿನಲ್ಲಿರುವ ಹೊಲದ ಸಂಖ್ಯೆ ಕೊಟ್ಟರೆ ಸಾಕು. ಅಂಕ ಇಳಿಯುತ್ತದೆ, ಇಳಿಯಲಿ. ಆ ಇಳಿದ ಅಂಕವೇ ನಿಜವಾದದ್ದು, ಅದನ್ನು ಏರಿಸುವ ದಾರಿ ಹುಡುಕುವುದೇ ಪಿಎಚ್‌ಡಿ.

ಇನ್ನೊಂದು ಸೂಕ್ಷ್ಮ. ಫೋನಿನ ಚಿತ್ರ 4000 ಪಿಕ್ಸೆಲ್ ಅಗಲವಿರುತ್ತದೆ, ಚಿತ್ರ ಗುರುತಿಸುವ ರೆಸ್‌ನೆಟ್‌ನಂಥ ಮಾದರಿಗೆ ಸಾಮಾನ್ಯವಾಗಿ ಕೊಡುವುದು 224. ಸುಮಾರು 18 ಪಟ್ಟು ಕುಗ್ಗಿದಾಗ 36 ಪಿಕ್ಸೆಲ್‌ನ ಎಳೆಯ ಮಚ್ಚೆ 2 ಪಿಕ್ಸೆಲ್ ಆಗಿ ಮಾಯವಾಗುತ್ತದೆ. ರೈತನಿಗೆ ಬೇಕಾದ್ದೇ ಆ ಎಳೆಯ ಮಚ್ಚೆ. ಕುಗ್ಗಿಸುವ ಬದಲು ತುಂಡುಗಳಾಗಿ ಕತ್ತರಿಸಿ ಕೊಡಬಹುದು, ಆದರೆ ಒಂದು ಎಲೆಯ ತುಂಡುಗಳೆಲ್ಲ ಒಂದೇ ಪಾಲಿನಲ್ಲಿರಲಿ. ಗೂಗಲ್‌ನ ಆನ್‌ಲೈನ್ ಸೇವೆ ಕೊಲ್ಯಾಬ್‌ನಲ್ಲಿ ತರಬೇತಿಗೆ ಸಿಗುವ ಉಚಿತ ಜಿಪಿಯು ನಡುವೆ ಕಡಿದುಹೋಗುತ್ತದೆ, ಪ್ರತಿ ಸುತ್ತಿಗೂ ಮಾದರಿಯನ್ನು ಡ್ರೈವ್‌ಗೆ ಉಳಿಸಿಕೊಳ್ಳಿ. ಒಂದೇ ಸಲ ಓಡಿಸಿ ಬಂದ ಅಂಕ ಬರೆಯಬೇಡಿ. ಬೇರೆ ಬೇರೆ ಸೀಡ್ (ಯಾದೃಚ್ಛಿಕ ಆರಂಭದ ಸಂಖ್ಯೆ) ಕೊಟ್ಟು ಐದು ಸಲ ಓಡಿಸಿ ಸರಾಸರಿ ಮತ್ತು ಏರಿಳಿತ ಎರಡನ್ನೂ ಬರೆಯಿರಿ.

ಪ್ರಕಟಣೆಯ ವಿಷಯದಲ್ಲಿ ನಮ್ಮ ಶಾಖೆಗೆ ಒಂದು ಸಂಕಟವಿದೆ. ಕಂಪ್ಯೂಟರ್ ಸೈನ್ಸಿನ ಮೊದಲ ದರ್ಜೆಯ ಕೆಲಸ ಬರುವುದು ಸಮ್ಮೇಳನಗಳಲ್ಲಿ, ನಿಯಮ ಎಣಿಸುವುದು ಜರ್ನಲ್‌ಗಳನ್ನು. ಸಮ್ಮೇಳನದಲ್ಲಿ ಮಂಡಿಸಿ, ಆಮೇಲೆ ಹೊಸ ಪ್ರಯೋಗ ಸೇರಿಸಿ ಜರ್ನಲ್‌ಗೆ ವಿಸ್ತರಿಸುವುದು ರೂಢಿ. ಸಾಮಾನ್ಯವಾಗಿ ಶೇ 30ರಷ್ಟಾದರೂ ಹೊಸದನ್ನು ಕೇಳುತ್ತಾರೆ, ಹಳೆಯ ಪ್ರಬಂಧವನ್ನು ಉಲ್ಲೇಖಿಸಲೇಬೇಕು. ಉಲ್ಲೇಖಿಸದಿದ್ದರೆ ಸ್ವಂತ ಬರಹವೇ ನಕಲು ಎಂದು ತೋರಿಸುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರಾಚೆ ಹಂತ ಹಂತವಾಗಿ ಕ್ರಮವಿದೆ.

ನಕಲಿ ಜರ್ನಲ್‌ಗಳು ಈಗ ನಿಜವಾದ ಜರ್ನಲ್‌ನ ಹೆಸರು, ಅದರ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಎರಡನ್ನೂ ಕದ್ದು ಬೇರೆ ಜಾಲತಾಣ ತೆರೆದಿರುತ್ತವೆ. ಇಮೇಲ್‌ನಲ್ಲಿ ಬಂದ ಕೊಂಡಿ ಒತ್ತಬೇಡಿ. ಸಂಶೋಧನಾ ಪ್ರಬಂಧಗಳ ಸೂಚಿಯಾದ ಸ್ಕೋಪಸ್‌ನ ಜರ್ನಲ್ ಪಟ್ಟಿಗೆ ಹೋಗಿ, ಯಾವ ವರ್ಷದವರೆಗೆ ಸೇರಿಸಿದ್ದಾರೆ ನೋಡಿ, ಪ್ರಕಾಶಕರ ಮೂಲ ತಾಣವನ್ನು ಬೇರೆಯಾಗಿ ಹುಡುಕಿ ಅಲ್ಲಿಂದ ಕಳಿಸಿ. ಮೂರೇ ದಿನದಲ್ಲಿ ‘ಸ್ವೀಕರಿಸಲಾಗಿದೆ, ಹಣ ಕಟ್ಟಿ’ ಎಂದು ಬಂದರೆ ಕಟ್ಟಬೇಡಿ. ತಿಂಗಳ ಸಂಬಳ ಹೋಗುವುದಲ್ಲದೆ, ಸಂದರ್ಶನದಲ್ಲಿ ಆ ಪ್ರಬಂಧವೇ ಎಣಿಕೆಯಿಂದ ಬಿದ್ದುಹೋಗುತ್ತದೆ. ಆರು ಬೇಕಿರುವಲ್ಲಿ ಐದಾದರೆ ಎಂಟು ವರ್ಷದ ಅನುಭವವೂ ಉಪಯೋಗಕ್ಕೆ ಬಾರದು.

ಕಡತದ ಮಾತು ಚಿಕ್ಕದು, ಆದರೂ ಅನೇಕರು ಎಡವುವುದು ಇಲ್ಲೇ. ಕೆಲಸ ಬಿಟ್ಟ ಪ್ರತಿ ಕಾಲೇಜಿನಿಂದ ರಿಲೀವಿಂಗ್ ಆರ್ಡರ್ ಮತ್ತು ಅನುಭವ ಪತ್ರ, ಎರಡರಲ್ಲೂ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ‘ಲೆಕ್ಚರರ್’ ಎಂದು ಒಂದರಲ್ಲಿ, ‘ಅಸಿಸ್ಟೆಂಟ್ ಪ್ರೊಫೆಸರ್’ ಎಂದು ಇನ್ನೊಂದರಲ್ಲಿ ಇದ್ದರೆ ಅಲ್ಲೇ ತಿದ್ದಿಸಿಕೊಳ್ಳಿ. ಹತ್ತು ವರ್ಷ ಬಿಟ್ಟು ಹೋದರೆ ಅಲ್ಲಿ ಪರಿಚಯದವರೇ ಇರುವುದಿಲ್ಲ. ಫಾರ್ಮ್ 16, ಪಿಎಫ್ ಪಾಸ್‌ಬುಕ್ ಪ್ರತಿ ವರ್ಷ ಇಳಿಸಿಟ್ಟುಕೊಳ್ಳಿ. ಪತ್ರದ ಬಗ್ಗೆ ಅನುಮಾನ ಬಂದಾಗ ಸೇವೆಗೆ ಅವೇ ಸಾಕ್ಷಿ. ಪಿಎಚ್‌ಡಿಯ ನಂತರದ ಎರಡು ವರ್ಷ ಎಣಿಸುವುದು ಮಹಾಪ್ರಬಂಧ ಸಲ್ಲಿಸಿದ ದಿನದಿಂದಲ್ಲ, ಪದವಿ ಸಂದ ದಿನದಿಂದ. ವಿಶ್ವವಿದ್ಯಾಲಯದ ಅಧಿಸೂಚನೆಯ ಪ್ರತಿ ಕಡತದ ಮೇಲ್ಗಡೆಯೇ ಇರಲಿ.

ಮಳೆ ಸ್ವಲ್ಪ ಹಗುರಾಗಿದೆ. ಸೋಮವಾರ ಬೆಳಿಗ್ಗೆ ಏಳಕ್ಕೆಲ್ಲ ದುದ್ದ ಕಡೆಯ ಹೊಲದಲ್ಲಿರಬೇಕು, ಒಂಬತ್ತೂವರೆಗೆ ಡಿಬಿಎಂಎಸ್ ಪಾಠವಿದೆ. ಚೀಲದಲ್ಲಿ ಎರಡು ಫೋನ್, ಪವರ್‌ಬ್ಯಾಂಕ್, ಲೆನ್ಸ್ ಒರೆಸಲು ಒಣಬಟ್ಟೆ, ಗಿಡಕ್ಕೆ ಕಟ್ಟಲು ನಂಬರ್ ಬರೆದ ಪ್ಲಾಸ್ಟಿಕ್ ಚೀಟಿ, ಪೆನ್ಸಿಲ್. ಪೆನ್ ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ.