ಚೆಂಬುವಿನಲ್ಲಿ ನೆಲ ನಡುಗಿದ ದಿನ

2022ರ ಜೂನ್ ಕೊನೆಯ ವಾರದಲ್ಲಿ ಕೊಡಗಿನ ಪಶ್ಚಿಮದ ಅಂಚಿನಲ್ಲಿರುವ ಚೆಂಬು, ಪೆರಾಜೆ, ಸಂಪಾಜೆ, ಕರಿಕೆ ಮತ್ತು ಇವುಗಳಿಗೆ ತಾಗಿಕೊಂಡಿರುವ ಸುಳ್ಯ ತಾಲ್ಲೂಕಿನ ಕೆಲವು ಊರುಗಳಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿತು. 25ರ ಬೆಳಿಗ್ಗೆಯ ಕಂಪನದ ಸುದ್ದಿ ಕೇಳಿ ನಾನು ಚೆಂಬುವಿನಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಮಡಿಕೇರಿಯಲ್ಲಿ ಪದವಿಪೂರ್ವ ತರಗತಿಗಳಿಗೆ ಭೂಗೋಳ ಪಾಠ ಮಾಡುವ ನನಗೆ ಅಲ್ಲಿಗೆ ಹೋಗಲು ಅತ್ತೆ ಮಾವನ ಮೇಲಿನ ಕಾಳಜಿಯೊಂದೇ ಕಾರಣವಾಗಿತ್ತು ಎಂದರೆ ಅದು ಪೂರ್ತಿ ನಿಜವಾಗಲಾರದು. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದು ವಿವರಿಸಿದ್ದನ್ನು ಕಾಲಡಿಯಲ್ಲಿ ಅನುಭವಿಸಬೇಕೆಂಬ ಕುತೂಹಲವೂ ಇತ್ತು.

28ರ ಬೆಳಿಗ್ಗೆ ಏಳೂಮುಕ್ಕಾಲಿಗೆ ಅದು ಬಂತು. ಅತ್ತೆ ಅಡುಗೆಮನೆಯಲ್ಲಿ ನೀರುದೋಸೆ ಎರೆಯುತ್ತಿದ್ದರು, ಮಾವ ಜಗಲಿಯಲ್ಲಿ ಕುಳಿತು ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದರು. ಮೊದಲು ಕೇಳಿಸಿದ್ದು ಶಬ್ದ. ಅದು ಆಕಾಶದ ಕಡೆಯಿಂದ ಬಂದದ್ದಲ್ಲ. ಅಂಗಳದ ಕೆಳಗಿನಿಂದ ಹೊರಟು ಗೋಡೆಗಳೊಳಗೆ ಹಾದುಹೋದಂತಿತ್ತು. ಅದರ ಬೆನ್ನಿಗೇ ಮಾಡಿನ ಹಂಚುಗಳೆಲ್ಲ ಒಟ್ಟಿಗೆ ಅದುರಿದವು. ಅಡುಗೆಮನೆಯ ಹಲಗೆಯ ಮೇಲೆ ಬೋರಲಾಗಿ ಇಟ್ಟಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗುತ್ತ ಅಂಚಿನವರೆಗೆ ಸರಿದು, ಕೊನೆಯ ಎರಡು ಮಾತ್ರ ಕೆಳಗೆ ಬಿದ್ದವು. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ಅತ್ತೆ ಕೈಯಲ್ಲಿದ್ದ ಸಟ್ಟುಗದ ಸಮೇತ ಅಂಗಳಕ್ಕೆ ಓಡಿ ಬಂದು, "ಒಲೆ ಆರಿಸ್ಲಿಲ್ಲ ನಾನು, ಯಾರಾದ್ರೂ ಹೋಗಿ" ಎಂದರು. ಯಾರೂ ಹೋಗಲಿಲ್ಲ. ಮಳೆಯಲ್ಲಿ ನೆನೆಯುತ್ತ ಸ್ವಲ್ಪ ಹೊತ್ತು ನಿಂತೇ ಇದ್ದೆವು.

ಶಬ್ದ ಮೊದಲು, ಅಲುಗಾಟ ಆಮೇಲೆ ಏಕೆ ಎಂಬುದು ನಾನು ಪ್ರತಿವರ್ಷ ಕಲಿಸುವ ಪಾಠವೇ. ಭೂಮಿಯೊಳಗೆ ಶಿಲೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಶಿಲೆಯನ್ನು ಒತ್ತುತ್ತ ಹಿಗ್ಗಿಸುತ್ತ ಮುಂದೆ ಸಾಗುವ ಪ್ರಾಥಮಿಕ ಅಲೆ ನಮ್ಮ ಕಡೆಯಂಥ ಗಟ್ಟಿ ಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಬರುತ್ತದೆ, ಶಿಲೆಯನ್ನು ಅಡ್ಡಡ್ಡಲಾಗಿ ಅಲುಗಿಸುವ ದ್ವಿತೀಯಕ ಅಲೆ ಸುಮಾರು ಮೂರೂವರೆ ಕಿ.ಮೀ. ವೇಗದಲ್ಲಿ ಹಿಂದಿನಿಂದ ಬರುತ್ತದೆ. ಮೊದಲನೆಯದರ ಒಂದಂಶ ನೆಲದಿಂದ ಗಾಳಿಗೆ ದಾಟಿ ಕಿವಿಗೆ ಕೇಳುತ್ತದೆ, ಎರಡನೆಯದು ಲೋಟ ಬೀಳಿಸುತ್ತದೆ. ಇವೆರಡರ ನಡುವೆ ಒಂದು ಸೆಕೆಂಡಿನ ಅಂತರವಿದ್ದರೆ ಮೂಲ ಹೆಚ್ಚುಕಡಿಮೆ 8 ಕಿ.ಮೀ. ದೂರದಲ್ಲಿದೆ ಎಂದು ಲೆಕ್ಕ. ನಮಗಾದದ್ದು ಒಂದರ ಬೆನ್ನಿಗೇ ಇನ್ನೊಂದು. ಹಾಗಾಗಿ ಇದು ಎಲ್ಲೋ ದೂರದ ದೊಡ್ಡ ಭೂಕಂಪದ ಬಾಲವಲ್ಲ, ನಮ್ಮ ಕಾಲಡಿಯದೇ ಸಣ್ಣ ಕಂಪನ ಎಂಬುದು ಅಂಗಳದಲ್ಲಿ ನಿಂತಾಗಲೇ ಗೊತ್ತಾಗಿತ್ತು. ಅದರ ಪ್ರಮಾಣ 3.0 ಎಂದು ಆಮೇಲೆ ಪ್ರಕಟವಾಯಿತು.

ಆದರೆ 3.0 ಎಂಬ ಅಂಕಿಯಿಂದ ಚೆಂಬುವಿನಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ, ಅದಕ್ಕೆ ತಕ್ಕ ಕಾರಣವೂ ಇತ್ತು. 2018ರ ಜುಲೈ 9ರಂದು ಕೊಡಗಿನಲ್ಲಿ 3.4 ಪ್ರಮಾಣದ ಕಂಪನವಾಗಿತ್ತು; ಅದಾಗಿ ಐದು ವಾರ ಕಳೆದ ಮೇಲೆ, ಆಗಸ್ಟ್ ನಡುವಿನ ಮಹಾಮಳೆಗೆ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆಯ ಗುಡ್ಡಗಳು ತೋಟ, ಮನೆ, ರಸ್ತೆಗಳ ಸಮೇತ ಕುಸಿದವು. ಜೋಡುಪಾಲವೆಂದರೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದ ದಾರಿಯಲ್ಲೇ ಇದೆ. ಮಾವನ ನೆಂಟರು ಹಲವರು ಆ ದಾರಿಯವರು. ಅಂದು ಕುಸಿದ ಇಳಿಜಾರುಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ತಜ್ಞರು ಮಿತಿಮೀರಿದ ಮಳೆಯನ್ನೂ, ರಸ್ತೆಗೆ, ಮನೆಗೆ ಗುಡ್ಡವನ್ನು ನೆಟ್ಟಗೆ ಕಡಿದದ್ದನ್ನೂ ಮುಖ್ಯ ಕಾರಣಗಳೆಂದು ಹೇಳಿದರು. ಜನರ ಮನಸ್ಸಿನಲ್ಲಿ ಮಾತ್ರ ಕಂಪನ ಮತ್ತು ಕುಸಿತ ಒಂದೇ ಸರಪಳಿಯ ಎರಡು ಕೊಂಡಿಗಳಾಗಿ ಉಳಿದಿವೆ. ಜುಲೈಯಲ್ಲಿ ನಡುಕ, ಆಗಸ್ಟ್‌ನಲ್ಲಿ ಕುಸಿತ ಎಂಬ ಕ್ರಮವನ್ನು ಕಣ್ಣಾರೆ ಕಂಡವರಿಗೆ, ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬೇಕೆಂದೇನೂ ಇಲ್ಲ ಎಂದು ಒಪ್ಪಿಸುವುದು ಸುಲಭವಲ್ಲ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನಿಗೂ ಒಂದು ಸಂದೇಶ ಬಂದಿತ್ತು. ರಾತ್ರಿ ಇಂತಿಷ್ಟು ಗಂಟೆಗೆ ಇದರ ಎರಡರಷ್ಟು ದೊಡ್ಡ ಭೂಕಂಪವಾಗುತ್ತದೆ, ಕಡಲಿನಲ್ಲಿ ಸುನಾಮಿ ಏಳುತ್ತದೆ, ಮಂಗಳೂರಿನಿಂದ ಮೇಲಿನವರೂ ಎಚ್ಚರದಿಂದಿರಬೇಕು ಎಂಬುದು ಅದರ ಸಾರ. ಕೊನೆಗೆ ಒಬ್ಬ ವಿಜ್ಞಾನಿ ಹೇಳಿದ್ದು ಎಂದೂ ಇತ್ತು, ಹೆಸರಿರಲಿಲ್ಲ. ಸಂಜೆ ಅಕ್ಕಪಕ್ಕದ ಮನೆಯವರು ಮಾವನ ಜಗಲಿಯಲ್ಲಿ ಸೇರಿದಾಗ ಚರ್ಚೆ ಈ ಸಂದೇಶದಿಂದಲೇ ಶುರುವಾಯಿತು. "ನೀನು ಕಾಲೇಜಲ್ಲಿ ಇದನ್ನೇ ಅಲ್ವಾ ಹೇಳಿ ಕೊಡುವುದು, ಸರಿಯಾಗಿ ಹೇಳು ನೋಡುವ" ಎಂದು ಮಾವ ನನ್ನನ್ನು ಮುಂದೆ ಕೂರಿಸಿದರು.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಸುಲಭದ್ದಾಗಿತ್ತು. ಭೂಕಂಪ ಇಂಥ ದಿನ ಇಂಥ ಗಂಟೆಗೆ ಆಗುತ್ತದೆಂದು ಮುಂಚಿತವಾಗಿ ಹೇಳುವ ವಿಧಾನ ಈವರೆಗೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಗಂಟೆ ಹೇಳಿದ ಸಂದೇಶ ಎಂದ ಮೇಲೆ ಅದು ಸುಳ್ಳು ಎಂದೇ ಲೆಕ್ಕ. ಎರಡರಷ್ಟು ದೊಡ್ಡದು ಎಂಬ ಮಾತಿಗೂ ಅರ್ಥವಿಲ್ಲ. ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ನೆಲದ ಅಲುಗಾಟ ಹತ್ತು ಪಟ್ಟು ಹೆಚ್ಚುತ್ತದೆ, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗೆ ನೋಡಿದರೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ 6.2 ಪ್ರಮಾಣದ ಭೂಕಂಪ ನಮ್ಮ ಬೆಳಗಿನ ಕಂಪನದ ಎರಡರಷ್ಟಲ್ಲ, ಅರವತ್ತು ಸಾವಿರ ಪಟ್ಟಿಗೂ ಮಿಕ್ಕಿದ ಶಕ್ತಿಯದು.

ಕಿಲ್ಲಾರಿಯ ಹೆಸರನ್ನು ನಾನು ಬೇಕೆಂದೇ ತೆಗೆದೆ. ನಮ್ಮ ದಖ್ಖನ್ ಪ್ರಸ್ಥಭೂಮಿ ಗಟ್ಟಿ, ಇಲ್ಲಿ ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟು ಜನರನ್ನು ಮನೆಗೆ ಕಳುಹಿಸುವುದು ನನಗೆ ಇಷ್ಟವಿರಲಿಲ್ಲ. ಭೂಮಿಯ ಹೊರಕವಚ ಒಂದೇ ಅಖಂಡ ತೊಗಟೆಯಲ್ಲ. ಅದು ದೊಡ್ಡದೂ ಸಣ್ಣದೂ ಆದ ಹಲವು ಫಲಕಗಳಾಗಿ ಒಡೆದಿದೆ, ಅವೆಲ್ಲ ನಿಧಾನವಾಗಿ ಸರಿಯುತ್ತಿವೆ. ನಮ್ಮನ್ನು ಹೊತ್ತಿರುವ ಭಾರತದ ಫಲಕ ದಕ್ಷಿಣ ಗೋಳಾರ್ಧದ ಗೊಂಡ್ವಾನ ಭೂಖಂಡದಿಂದ ಕಳಚಿಕೊಂಡು ಉತ್ತರಕ್ಕೆ ಸಾಗಿ, ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ಇಂದಿಗೂ ವರ್ಷಕ್ಕೆ ಹೆಚ್ಚುಕಡಿಮೆ 5 ಸೆಂ.ಮೀ.ನಂತೆ ಒತ್ತುತ್ತಲೇ ಇದೆ. ಆ ಒತ್ತಡದಲ್ಲಿ ಎದ್ದದ್ದು ಹಿಮಾಲಯ, ಮಹಾಭೂಕಂಪಗಳಾಗುವುದೂ ಬಹುಮಟ್ಟಿಗೆ ಅಂಥ ಅಂಚುಗಳಲ್ಲೇ. ಕೊಡಗು ಅಂಚಿನಲ್ಲಿಲ್ಲ, ಫಲಕದ ಒಡಲಿನಲ್ಲಿದೆ. ಇಲ್ಲಿಯ ಕೆಲವು ಶಿಲೆಗಳ ವಯಸ್ಸು 300 ಕೋಟಿ ವರ್ಷಗಳಿಗೂ ಹೆಚ್ಚು. ಆದರೆ ಅಂಚಿನ ಒತ್ತಡ ಒಡಲಿಗೂ ಹರಡುತ್ತದೆ, ಹಳೆಯ ಶಿಲೆಯಲ್ಲಿ ಹಳೆಯ ಬಿರುಕುಗಳೂ ಇರುತ್ತವೆ. ಕಿಲ್ಲಾರಿಯೂ ಒಡಲಿನಲ್ಲೇ ಇತ್ತು. ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತದ್ದಕ್ಕೆ ಭೂಕಂಪದಷ್ಟೇ ಕಾರಣವಾದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು. ನಸುಕಿನ ನಾಲ್ಕರ ಹೊತ್ತಿಗೆ ಮಲಗಿದ್ದವರ ಮೇಲೆ ಅವು ಉರುಳಿದವು. 1900ರ ಫೆಬ್ರವರಿಯಲ್ಲಿ ಕೊಯಮತ್ತೂರಿನ ಕಡೆ ಆದ, 6ರ ಆಸುಪಾಸಿನ ಪ್ರಮಾಣದ ಭೂಕಂಪ ದಕ್ಷಿಣ ಭಾರತದ ಬಹುಭಾಗವನ್ನು ಅಲುಗಿಸಿತ್ತು.

"ಹಾಗಾದ್ರೆ ಮಳೆಗಾಲದಲ್ಲೇ ಯಾಕೆ ಬರ್ತದೆ?" ಎಂದು ಒಬ್ಬರು ಕೇಳಿದರು. ಪ್ರಶ್ನೆ ಚೆನ್ನಾಗಿತ್ತು, ಏಕೆಂದರೆ ತಜ್ಞರೂ ಅದನ್ನೇ ಗಮನಿಸಿದ್ದರು. ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದಾಗ ಅಲ್ಲಿ ನೀರಿನ ಒತ್ತಡ ಏರುತ್ತದೆ. ಮೊದಲೇ ಬಿಗಿದು ನಿಂತಿರುವ ಎರಡು ಶಿಲಾಮುಖಗಳನ್ನು ಹಿಡಿದಿಟ್ಟಿರುವ ಘರ್ಷಣೆ ಅದರಿಂದ ಸಡಿಲವಾಗಿ, ಸಣ್ಣ ಸಣ್ಣ ಜಾರುವಿಕೆಗಳು ಗುಂಪಾಗಿ ಬರುತ್ತವೆ. ಶಕ್ತಿ ನೀರಿನದಲ್ಲ, ಶಿಲೆಯದು. ನೀರು ನೆಪ ಮಾತ್ರ. ಜಲಾಶಯದ ನೀರೂ ಇಂಥ ನೆಪವಾಗಬಲ್ಲದೆಂಬುದಕ್ಕೆ 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಆದ 6.3 ಪ್ರಮಾಣದ ಭೂಕಂಪವನ್ನು ಜಗತ್ತಿನಾದ್ಯಂತ ಉದಾಹರಿಸುತ್ತಾರೆ.

ಅಷ್ಟು ಹೊತ್ತು ಸುಮ್ಮನಿದ್ದ ಅತ್ತೆ ಬಾಗಿಲ ಬಳಿಯಿಂದ ಕೇಳಿದರು: "ಅದೆಲ್ಲ ಸರಿ ಮಗ, ಆ ಸುನಾಮಿ ಇಲ್ಲಿಗೆ ಬರ್ತದಾ?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಭೂಕಂಪದ ಹಿಂದೆ ಸುನಾಮಿ ಬರುತ್ತದೆಂದು ಟಿ.ವಿ.ಯಲ್ಲಿ ನೋಡಿದವರು, ಎಲ್ಲ ಭೂಕಂಪಕ್ಕೂ ಅದು ಬರುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪೇನಿದೆ? ಬರುವುದಿಲ್ಲ ಎನ್ನುವುದಕ್ಕೆ ಚೆಂಬು ಬೆಟ್ಟದ ಮೇಲಿದೆ ಎಂಬುದು ಒಂದು ಕಾರಣ ಮಾತ್ರ. ಕಡಲಿನ ತಳವೇ ಮೇಲಕ್ಕೋ ಕೆಳಕ್ಕೋ ಸರಿದು, ಅದರ ಮೇಲಿನ ಇಡೀ ನೀರಿನ ರಾಶಿಯನ್ನು ಎತ್ತಿ ಇಳಿಸಿದರೆ ಮಾತ್ರ ಭೂಕಂಪದಿಂದ ಸುನಾಮಿ ಏಳುತ್ತದೆ.

2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಆರೂವರೆಗೆ ಸುಮಾತ್ರಾದ ಬಳಿ ಆದದ್ದು ಅದೇ. ಅಲ್ಲಿ ಭಾರತದ ಫಲಕ ಪಕ್ಕದ ಫಲಕದ ಅಡಿಗೆ ನುಗ್ಗುತ್ತದೆ. ಎರಡೂ ಪರಸ್ಪರ ಕಚ್ಚಿಕೊಂಡಿರುವುದರಿಂದ ಮೇಲಿನ ಫಲಕದ ತುದಿಯೂ ಶತಮಾನಗಳ ಕಾಲ ಕೆಳಗೆ ಎಳೆಯಲ್ಪಡುತ್ತ ಬಾಗುತ್ತದೆ. ಹಿಡಿತ ತಪ್ಪಿದ ಕ್ಷಣ ಅದು ಚಿಮ್ಮುತ್ತದೆ. ಇದನ್ನು ಹೇಗೆ ಕಣ್ಣಿಗೆ ಕಟ್ಟಿಸಲಿ ಎಂದು ನಾನು ಯೋಚಿಸುತ್ತಿರುವಾಗ, ಅಡಿಕೆಗೆ ಮದ್ದು ಬಿಡಲು ಬಂದು ಮಳೆಯಿಂದಾಗಿ ಕೆಲಸ ನಿಂತು ಜಗಲಿಯ ತುದಿಯಲ್ಲಿ ಕುಳಿತಿದ್ದವರು ಬಾಯಿ ಹಾಕಿದರು. "ಸಾರ್, ನಾವು ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಮರವನ್ನು ತೂಗಿ ಬಗ್ಗಿಸಿ ತರ್ತೇವಲ್ಲ, ಪಕ್ಕದ್ದು ಕೈಗೆ ಸಿಕ್ಕಿ ಇದನ್ನು ಬಿಟ್ಟ ಕೂಡ್ಲೆ ಅದು ಎಂಥ ರಭಸದಲ್ಲಿ ವಾಪಸ್ ಹೋಗ್ತದೆ! ಹಾಗೆಯಾ?" ಹಾಗೆಯೇ. ಮರುವರ್ಷದಿಂದ ತರಗತಿಯಲ್ಲಿ ನಾನು ಇದನ್ನೇ ಹೇಳುತ್ತಿದ್ದೇನೆ.

ಅಂದು 9.1 ಪ್ರಮಾಣದ ಆ ಭೂಕಂಪದಲ್ಲಿ ಸುಮಾರು 1,300 ಕಿ.ಮೀ. ಉದ್ದಕ್ಕೆ ಬಿರುಕು ಓಡಿತು. ಆಳ ಕಡಲಿನಲ್ಲಿ ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿರುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 700 ಕಿ.ಮೀ., ಅಲ್ಲಿ ದೋಣಿಯಲ್ಲಿದ್ದವರಿಗೆ ಅಲೆ ಹೋದದ್ದೂ ತಿಳಿಯದು. ದಡಕ್ಕೆ ಬರುತ್ತ ಆಳ ಕಡಿಮೆಯಾದಂತೆ ವೇಗ ಇಳಿಯುತ್ತದೆ, ಎತ್ತರ ಏರುತ್ತದೆ. ತಮಿಳುನಾಡಿನ ಕರಾವಳಿಗೆ ಅದು ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಆಗಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಜಿಲ್ಲೆಯಲ್ಲೇ ಪೂಂಪುಹಾರ್ ಇತ್ತು, ಅಂದರೆ ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಕಾವೇರಿ ಕಡಲು ಸೇರುವ ಜಾಗ. ಇದನ್ನು ಹೇಳಿದಾಗ ಅತ್ತೆ, "ಅಯ್ಯೋ, ಕಾವೇರಮ್ಮನ ಬಾಯಲ್ಲೇ!" ಎಂದರು. ಸುನಾಮಿ ಕೊಡಗಿಗೆ ಬಾರದಿದ್ದರೂ ಕೊಡಗಿನ ನೀರು ಹೋಗಿ ಸೇರುವಲ್ಲಿಗೆ ಬಂದಿತ್ತು ಎಂಬುದು ಜಗಲಿಯಲ್ಲಿದ್ದ ಎಲ್ಲರಿಗೂ ತಾಗಿತು.

ಆ ಎರಡು ಗಂಟೆಗಳು ವ್ಯರ್ಥವಾದದ್ದು ಆಗ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲವೆಂಬ ಕಾರಣಕ್ಕೆ. ಹೈದರಾಬಾದಿನಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಭೂಕಂಪವನ್ನು ಮುಂಚೆ ಹೇಳಲಾಗದಿದ್ದರೂ, ಅದಾದ ಮೇಲೆ ಅಲೆ ಯಾವ ದಡಕ್ಕೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಬಹುದು. ಈ ವ್ಯತ್ಯಾಸವನ್ನು ನಮ್ಮ ಸುದ್ದಿವಾಹಿನಿಗಳು ಇಂದಿಗೂ ಸರಿಯಾಗಿ ಹೇಳುವುದಿಲ್ಲ ಎಂಬುದು ನನ್ನ ತಕರಾರು. 2012ರ ಏಪ್ರಿಲ್ 11ರಂದು ಅದೇ ಸುಮಾತ್ರಾದ ಪಶ್ಚಿಮದ ಕಡಲಿನಲ್ಲಿ 8.6 ಪ್ರಮಾಣದ ಭೂಕಂಪವಾದಾಗ ದೊಡ್ಡ ಸುನಾಮಿ ಏಳಲಿಲ್ಲ. ಅಲ್ಲಿ ಶಿಲೆಗಳು ಅಕ್ಕಪಕ್ಕಕ್ಕೆ ಸರಿದವೇ ಹೊರತು ಕಡಲ ತಳ ಮೇಲೇಳಲಿಲ್ಲ. ವ್ಯವಸ್ಥೆ ಇಲ್ಲದ ಕಡೆಯೂ ತಿಳಿವಳಿಕೆ ಕೆಲಸ ಮಾಡಿದ್ದುಂಟು. 2004ರಲ್ಲಿ ಥಾಯ್ಲೆಂಡಿನ ಫುಕೆಟ್‌ನ ದಡದಲ್ಲಿದ್ದ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಟಿಲ್ಲಿ ಸ್ಮಿತ್, ಕಡಲಿನ ನೀರು ವಿಚಿತ್ರವಾಗಿ ವರ್ತಿಸುತ್ತಿದ್ದುದನ್ನು ಕಂಡು, ಸ್ವಲ್ಪ ದಿನಗಳ ಹಿಂದಷ್ಟೇ ಶಾಲೆಯ ಭೂಗೋಳ ತರಗತಿಯಲ್ಲಿ ಕೇಳಿದ್ದನ್ನು ನೆನಪಿಸಿಕೊಂಡು ಹೆತ್ತವರನ್ನು ಎಚ್ಚರಿಸಿದಳು. ಆ ದಡ ಖಾಲಿಯಾಯಿತು. ಭೂಗೋಳದ ಮೇಷ್ಟ್ರಿಗೆ ಈ ಪ್ರಸಂಗವನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ.

ನಮ್ಮ ಚೆಂಬುವಿಗೆ ಬೇಕಾದ ತಿಳಿವಳಿಕೆ ಬೇರೆ. ನೆಲ ಅಲುಗುವಾಗ ಗೋಡೆ ಮತ್ತು ಹಂಚಿನ ಮಾಡಿನ ಅಂಚಿನಿಂದ ದೂರ ಇರಬೇಕು, ಹೊರಗೆ ಬರಲಾಗದಿದ್ದರೆ ಗಟ್ಟಿ ಮೇಜಿನ ಅಡಿ ಸೇರಬೇಕು. ಇದು ಎರಡು ಮಾತಿನಲ್ಲಿ ಮುಗಿಯುತ್ತದೆ. ಮಿಕ್ಕ ಹೊತ್ತನ್ನೆಲ್ಲ ನಾವು ಗುಡ್ಡದ ಬಗ್ಗೆ ಮಾತಾಡಿದೆವು. ಬರೆಯ, ಅಂದರೆ ಗುಡ್ಡದ ಕಡಿದಾದ ಬದಿಯ, ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಬಿರುಕು ಕಂಡರೆ, ಮರಗಳು ಇದ್ದಕ್ಕಿದ್ದಂತೆ ವಾಲಿದರೆ, ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಇಳಿದರೆ ಅಥವಾ ಕೆಸರಾಗಿ ಬಂದರೆ, ಸಾಮಾನು ಸೇರಿಸುತ್ತ ಕೂರದೆ ಹೊರಡಬೇಕು. ಇದನ್ನು 2018ರಲ್ಲಿ ಕಂಡವರು ನನಗಿಂತ ಚೆನ್ನಾಗಿ ಹೇಳಿದರು.

ಮರುದಿನ ಬೆಳಿಗ್ಗೆ ಮಾವ ಟಾರ್ಚು ಹಿಡಿದು ಮನೆಯ ಗೋಡೆಗಳನ್ನೆಲ್ಲ ನೋಡಿದರು. ನಡುಕೋಣೆಯ ಕಿಟಕಿಯ ಮೂಲೆಯಿಂದ ಗಾರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಓರೆಯಾಗಿ ಮೇಲೆ ಹೋಗಿತ್ತು. ಅದರ ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಕು ಬರೆಯಲು ಹೇಳಿದೆ. ಬಿರುಕು ಗೆರೆ ದಾಟಿದರೆ ಬೆಳೆಯುತ್ತಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಹಿತ್ತಿಲಿಗೆ ಹೋದೆವು. ಬಚ್ಚಲುಮನೆ ಕಟ್ಟುವಾಗ ಗುಡ್ಡವನ್ನು ಆಳೆತ್ತರ ನೆಟ್ಟಗೆ ಕಡಿದಿದ್ದರು, ಮೇಲಿನ ಅಡಿಕೆ ತೋಟದ ನೀರೆಲ್ಲ ಆ ಬರೆಯ ನೆತ್ತಿಗೇ ಬಂದು ಇಂಗುತ್ತಿತ್ತು. ಮದ್ದು ಬಿಡುವ ಕೆಲಸ ಹೇಗೂ ನಿಂತಿದ್ದರಿಂದ ಇಬ್ಬರು ಆಳುಗಳು ಅಂದೇ ಮೇಲ್ಗಡೆ ಕಣಿ ತೋಡಿ ನೀರನ್ನು ತೋಡಿನ ಕಡೆಗೆ ತಿರುಗಿಸಿದರು.

ಆಗಸ್ಟ್ ಮೊದಲ ವಾರದ ಮಳೆಗೆ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಯೊಳಗೆ ನೀರು ನುಗ್ಗಿದಾಗ ನಾನು ಮಾವನಿಗೆ ಫೋನ್ ಮಾಡಿದೆ. ಕಿಟಕಿ ಬದಿಯ ಬಿರುಕು ಪೆನ್ಸಿಲ್ ಗೆರೆಯಲ್ಲೇ ನಿಂತಿದೆ ಎಂದರು. ಬರೆಯ ಒಂದು ಮೂಲೆ ಮಾತ್ರ, ಕಣಿ ಮುಟ್ಟದ ಕಡೆ, ಕುಸಿದು ಬಚ್ಚಲಿನ ಒಲೆಯವರೆಗೆ ಮಣ್ಣು ಬಂದಿತ್ತು. ಮಳೆ ಬಿಟ್ಟ ಮೇಲೆ ಕಣಿಯನ್ನು ಅಲ್ಲಿಯವರೆಗೂ ಮುಂದುವರಿಸುತ್ತೇನೆ ಎಂದರು.